ನಾಯಿ ಯಾವುದಕ್ಕೆ ಕೆರಳುತ್ತದೆ? ಮೂರು ವಾರ ಬರೆದಿಟ್ಟು ತಿಳಿಯುವ ಕ್ರಮ

ನಮ್ಮ ಮನೆಯ ಕೆಂಚಿಗೆ ಸ್ಕೂಟರ್ ಕಂಡರೆ ಆಗುವುದಿಲ್ಲ ಎಂದು ನಾವು ಒಂದೂವರೆ ವರ್ಷ ನಂಬಿಕೊಂಡಿದ್ದೆವು. ಗೇಟಿನ ಮುಂದೆ ಸ್ಕೂಟರ್ ಬಂದು ನಿಂತರೆ ಸಾಕು, ಬೆನ್ನಿನ ಕೂದಲೆಲ್ಲ ನಿಮಿರಿ, ಕಂಬಿಗಳ ನಡುವೆ ಮೂತಿ ತೂರಿಸಿ, ಗಂಟಲು ಕಟ್ಟುವವರೆಗೆ ಬೊಗಳುತ್ತಿದ್ದಳು. ಅದೇ ಕೆಂಚಿ ಸಂಜೆ ವಾಕಿಂಗಿಗೆ ಹೋದಾಗ ಸಾಲುಸಾಲು ಸ್ಕೂಟರ್‌ಗಳ ಪಕ್ಕದಲ್ಲೇ ನೆಲ ಮೂಸುತ್ತ ನಡೆಯುತ್ತಿದ್ದಳು. ಅದು ದಿನವೂ ಕಣ್ಣೆದುರೇ ನಡೆಯುತ್ತಿದ್ದರೂ ನಮ್ಮ ಗಮನಕ್ಕೆ ಬಂದಿರಲಿಲ್ಲ. ಕೊನೆಗೆ ಅಮ್ಮ, ಹಾಲಿನ ಲೆಕ್ಕ ಬರೆಯುವ ಪುಸ್ತಕವನ್ನು ಹಿಂದುಮುಂದಾಗಿ ತಿರುಗಿಸಿ, ಕೊನೆಯ ಹಾಳೆಯಿಂದ ಕೆಂಚಿಯ ಲೆಕ್ಕ ಬರೆಯಲು ಶುರು ಮಾಡಿದರು. ಮೂರನೆಯ ವಾರದ ಹೊತ್ತಿಗೆ ಉತ್ತರ ಸಿಕ್ಕಿತು. ಕೆಂಚಿ ಬೊಗಳುತ್ತಿದ್ದದ್ದು ಸ್ಕೂಟರಿಗಲ್ಲ, ನಮ್ಮ ಚರಂಡಿಯ ಚಪ್ಪಡಿಯ ಮೇಲೆ ಸೈಡ್ ಸ್ಟ್ಯಾಂಡ್ ಬೀಳುವ ‘ಟಕ್’ ಎಂಬ ಸದ್ದಿಗೆ. ಆ ಸದ್ದಾದ ಮೇಲೆ ಯಾರೋ ಅಪರಿಚಿತರು ಗೇಟಿನ ಚಿಲಕ ಮುಟ್ಟುತ್ತಾರೆ ಎಂಬುದನ್ನು ಅವಳು ನಮಗಿಂತ ಎಷ್ಟೋ ಮೊದಲೇ ಕಲಿತಿದ್ದಳು.

ಇಂಥ ನಾಯಿಯನ್ನು ತರಬೇತುದಾರರು ರಿಯಾಕ್ಟಿವ್ ನಾಯಿ ಎನ್ನುತ್ತಾರೆ. ಕಚ್ಚುವ ನಾಯಿ ಎಂದು ಅದರ ಅರ್ಥವಲ್ಲ. ಬೇರೆ ನಾಯಿಗಳು ಒಮ್ಮೆ ಕಿವಿ ಆಡಿಸಿ ಬಿಟ್ಟುಬಿಡುವ ಸಂಗತಿಗೆ ಈ ನಾಯಿ ಹಗ್ಗ ಜಗ್ಗಿ, ನುಗ್ಗಿ, ಕೂಗಾಡಿ, ಕರೆದರೂ ಕಿವಿಗೆ ಬೀಳದಷ್ಟು ಮೈಮರೆಯುತ್ತದೆ. ಬಹಳ ಸಲ ಇದರ ಬುಡದಲ್ಲಿರುವುದು ಭಯ. ಕೆಲವೊಮ್ಮೆ ಹೋಗಿ ಮಾತಾಡಿಸಬೇಕೆಂಬ ಆಸೆಗೆ ಹಗ್ಗ ಅಡ್ಡ ಬಂದದ್ದರ ಹತಾಶೆ. ಇನ್ನು ಕೆಲವೊಮ್ಮೆ ಮೈಯಲ್ಲಿನ ನೋವು. ಹೊರಗೆ ಕಾಣುವ ಬೊಗಳಿಕೆ ಮೂರರಲ್ಲೂ ಒಂದೇ ಥರ ಇರುವುದರಿಂದ, ನೋಡಿದ ಕೂಡಲೇ ಕಾರಣ ಹೇಳಿಬಿಡುವುದು ತಪ್ಪು ದಾರಿ ಹಿಡಿದಂತೆ. ನೆನಪನ್ನು ನಂಬುವುದೂ ಅಷ್ಟೇ ತಪ್ಪು, ಏಕೆಂದರೆ ನಮ್ಮ ನೆನಪಿನಲ್ಲಿ ಉಳಿಯುವುದು ದೊಡ್ಡ ಗಲಾಟೆಗಳು ಮಾತ್ರ. ಬರೆದಿಟ್ಟದ್ದಷ್ಟೇ ನಿಜವಾದ ಚಿತ್ರ ಕೊಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಹೇಗೆ ಬರೆಯಬೇಕೆಂಬುದನ್ನು ಮುಂದೆ ಹೆಜ್ಜೆಹೆಜ್ಜೆಯಾಗಿ ವಿವರಿಸಿದ್ದೇನೆ.

1. ಪುಸ್ತಕ ತೆರೆಯುವ ಮೊದಲು ಪಶುವೈದ್ಯರಿಗೆ ತೋರಿಸಿ

ಕಿವಿಯ ಸೋಂಕು, ಹಲ್ಲುನೋವು, ಸೊಂಟದ ಕೀಲಿನ ತೊಂದರೆ, ಮಂದವಾಗುತ್ತಿರುವ ಕಣ್ಣು, ನಮ್ಮ ಕಡೆ ಉಣ್ಣಿಗಳಿಂದ ಹರಡುವ ಜ್ವರ ಇವುಗಳಲ್ಲಿ ಯಾವುದೇ ಆದರೂ ಸೌಮ್ಯ ಸ್ವಭಾವದ ನಾಯಿಯನ್ನು ಸಿಡುಕುವಂತೆ ಮಾಡಬಲ್ಲದು. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ವರ್ತನೆಯ ತೊಂದರೆಗಾಗಿ ತಜ್ಞರ ಬಳಿಗೆ ಬರುವ ಪ್ರಾಣಿಗಳಲ್ಲಿ ಕಡಿಮೆಯೆಂದರೂ ಸುಮಾರು ಮೂರನೆಯ ಒಂದು ಭಾಗಕ್ಕೆ ಯಾವುದಾದರೊಂದು ನೋವಿನ ಕಾಯಿಲೆ ಇರುತ್ತದೆ; ಕೆಲವೆಡೆ ಈ ಪ್ರಮಾಣ ಶೇ. 80ರ ಹತ್ತಿರಕ್ಕೂ ಹೋಗುತ್ತದೆ. ನೋವಿರುವ ನಾಯಿಗೆ ತರಬೇತಿ ಕೊಡಲು ಹೊರಡುವುದು ಅನ್ಯಾಯ.

ಇದುವರೆಗೆ ಶಾಂತವಾಗಿದ್ದ ನಾಯಿ ಒಂದೆರಡು ದಿನಗಳಲ್ಲೇ ಬದಲಾಗಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ, ಕಂಡದ್ದನ್ನೆಲ್ಲ ಕಚ್ಚಲು ಹೋಗುತ್ತಿದ್ದರೆ, ಅದು ಬರೆದಿಟ್ಟು ನೋಡುವ ವಿಷಯವೇ ಅಲ್ಲ. ರೇಬೀಸ್ ಇರಬಹುದಾದ್ದರಿಂದ ನಾಯಿಯನ್ನು ಮುಟ್ಟದೆ, ಒಂಟಿಯಾಗಿ ಕೂಡಿಹಾಕಿ, ತಕ್ಷಣ ಪಶುವೈದ್ಯರಿಗೆ ತಿಳಿಸಬೇಕು. ಯಾವುದೇ ನಾಯಿ ಯಾರನ್ನೇ ಕಚ್ಚಿದರೂ, ಪರಚಿದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು; ಅರಿಸಿನ, ಸುಣ್ಣ, ಖಾರದಪುಡಿ ಯಾವುದನ್ನೂ ಗಾಯಕ್ಕೆ ಹಚ್ಚಬಾರದು.

2. ಪುಸ್ತಕದಲ್ಲಿ ಏನೇನು ಇರಬೇಕು

ಇದಕ್ಕೆ ಆ್ಯಪ್ ಬೇಕಾಗಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕು, ಅದಕ್ಕೆ ದಾರ ಕಟ್ಟಿ ತೂಗುಬಿಟ್ಟ ಪೆನ್ನು, ಇಷ್ಟನ್ನು ನಾಯಿಯ ಹಗ್ಗ ತೂಗುಹಾಕುವ ಮೊಳೆಯ ಪಕ್ಕದಲ್ಲೇ ಇಟ್ಟರೆ ಸಾಕು. ಮನೆಯಲ್ಲಿ ನಾಯಿಯನ್ನು ಹೊರಗೆ ಕರೆದೊಯ್ಯುವವರು ಎಷ್ಟು ಜನರಿದ್ದಾರೋ ಅಷ್ಟೂ ಜನ ಅದೇ ಪುಸ್ತಕದಲ್ಲಿ ಬರೆಯಬೇಕು. ದಾರಿಯಲ್ಲಿ ಬರೆಯಲು ಆಗುವುದಿಲ್ಲವಾದ್ದರಿಂದ, ಘಟನೆ ಮುಗಿದ ಕೂಡಲೇ ಫೋನಿನಲ್ಲಿ ಅರ್ಧ ನಿಮಿಷದ ಧ್ವನಿಮುದ್ರಣ ಮಾಡಿಕೊಂಡು, ಮನೆಗೆ ಬಂದ ಮೇಲೆ ಅದನ್ನು ಕೇಳಿ ಬರೆಯುವುದು ಅನುಕೂಲ. ಸಂಜೆಗೆ ಬರೆದರಾಯಿತು ಎಂದು ಬಿಟ್ಟರೆ ದೂರವೂ ಮರೆತುಹೋಗುತ್ತದೆ, ಮೊದಲು ಆದದ್ದು ಯಾವುದು, ಆಮೇಲೆ ಆದದ್ದು ಯಾವುದು ಎಂಬುದೂ ಅದಲುಬದಲಾಗುತ್ತದೆ.

ಪ್ರತಿ ಘಟನೆಗೂ ಈ ವಿವರಗಳು ಬೇಕು: ದಿನಾಂಕ ಮತ್ತು ಹೊತ್ತು, ಜಾಗ, ಕಂಡದ್ದು ಅಥವಾ ಕೇಳಿದ್ದು ಏನು, ಅದು ಎಷ್ಟು ದೂರದಲ್ಲಿತ್ತು, ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿತ್ತು, ನಾಯಿ ಮೊದಲು ಏನು ಮಾಡಿತು, ಆಮೇಲೆ ಏನು ಮಾಡಿತು, ನಾವು ಏನು ಮಾಡಿದೆವು, ಕೊನೆಗೆ ಏನಾಯಿತು, ಸಮಾಧಾನಕ್ಕೆ ಬರಲು ಎಷ್ಟು ಹೊತ್ತು ಹಿಡಿಯಿತು. ಅಮ್ಮನ ಪುಸ್ತಕದ ಎರಡು ಬರಹಗಳನ್ನು ಹಾಗೆಯೇ ಕೊಡುತ್ತೇನೆ.

*ಮಂಗಳವಾರ, ಬೆಳಿಗ್ಗೆ 11.20. ಗೇಟು. ಕೊರಿಯರ್ ಹುಡುಗ, ಹೆಲ್ಮೆಟ್ ತೆಗೆದಿರಲಿಲ್ಲ. ಕೆಂಚಿ ಪಡಸಾಲೆಯಲ್ಲಿ ಮಲಗಿದ್ದಳು. ಸ್ಕೂಟರ್ ಬಂದಾಗ ತಲೆ ಎತ್ತಲಿಲ್ಲ. ಸ್ಟ್ಯಾಂಡ್ ಹಾಕಿದಾಗ ಎದ್ದಳು, ಬಾಯಿ ಮುಚ್ಚಿದಳು, ಓಡಿದಳು. ಬೊಗಳಿಕೆ 4. ಹುಡುಗ ಡಬ್ಬಿ ಇಟ್ಟು ಹೋದ. ಸುಮ್ಮನಾಗಲು 6 ನಿಮಿಷ.*

*ಮಂಗಳವಾರ, ಸಂಜೆ 6.10. ಹಾಲಿನ ಬೂತ್ ಹತ್ತಿರ. ಕರಿ ನಾಯಿ, ಕಟ್ಟಿರಲಿಲ್ಲ, ನಿಂತು ನಮ್ಮನ್ನೇ ನೋಡುತ್ತಿತ್ತು. ಒಂದೂವರೆ ಕಂಬ ದೂರ. ಕೆಂಚಿ ಮೂಗು ನೆಕ್ಕಿದಳು, ಒಂದು ಕಾಲು ಎತ್ತಿ ನಿಂತಳು. ನಾನು ತಿರುಗಿಸಿಕೊಂಡು ಬಂದೆ. ಬೊಗಳಲಿಲ್ಲ. 1.*

ಮೊದಲ ಬರಹದ 4, ಎರಡನೆಯದರ ಕೊನೆಯ 1 ಎಂಬ ಅಂಕಿಗಳು ತೀವ್ರತೆಯವು. 0 ಎಂದರೆ ನೋಡಿಯೂ ನೋಡದಂತೆ ಹೋದದ್ದು. 1 ಎಂದರೆ ಮೈಯಲ್ಲಿ ಸಣ್ಣ ಬದಲಾವಣೆ ಕಂಡರೂ ಕರೆದರೆ ತಿರುಗಿ ನೋಡಿದ್ದು. 2 ಎಂದರೆ ಮೈ ಬಿಗಿದು ದಿಟ್ಟಿಸಿ ನಿಂತದ್ದು. 3 ಎಂದರೆ ಗುರುಗುಟ್ಟಿದ್ದು ಅಥವಾ ಒಂದೆರಡು ಸಲ ಬೊಗಳಿದ್ದು. 4 ಎಂದರೆ ಬಿಡದೆ ಬೊಗಳಿ ನುಗ್ಗಿದ್ದು. 5 ಎಂದರೆ ಕಚ್ಚಲು ಹೋದದ್ದು, ಅಥವಾ ಹಿಡಿದವರ ಮೇಲೆಯೇ ತಿರುಗಿಬಿದ್ದದ್ದು. ಮನೆಯವರೆಲ್ಲ ಈ ಅಳತೆಯನ್ನು ಒಂದೇ ಅರ್ಥದಲ್ಲಿ ಬಳಸುವಂತೆ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಬರೆದು ಅಂಟಿಸಿಡಿ.

3. ದೂರವನ್ನು ಅಳೆಯದೆ ಬಿಡಬೇಡಿ

ಒಂದೇ ಒಂದು ವಿವರ ಬರೆಯಲು ಮಾತ್ರ ಪುರುಸೊತ್ತಿದೆ ಎನ್ನುವವರಿಗೆ ನಾನು ದೂರವನ್ನೇ ಬರೆಯಿರಿ ಎನ್ನುತ್ತೇನೆ. ಪ್ರತಿ ನಾಯಿಗೂ ಪ್ರತಿ ಸಂಗತಿಯ ವಿಷಯದಲ್ಲಿ ಒಂದು ಗಡಿ ಇರುತ್ತದೆ. ಆ ಗಡಿಯ ಆಚೆ ಸಂಗತಿ ಇರುವವರೆಗೆ ನಾಯಿ ನೋಡುತ್ತದೆ, ಯೋಚಿಸುತ್ತದೆ, ಕೊಟ್ಟ ತಿನಿಸು ತಿನ್ನುತ್ತದೆ. ಗಡಿ ದಾಟಿ ಸಂಗತಿ ಹತ್ತಿರ ಬಂದ ಕ್ಷಣದಿಂದ ಅದಕ್ಕೆ ಕಲಿಯುವ ಸ್ಥಿತಿ ಇರುವುದಿಲ್ಲ. ಮುಂದೆ ಮಾಡುವ ತರಬೇತಿಯೆಲ್ಲ ಈ ಗಡಿಯ ಹೊರಬದಿಯಲ್ಲೇ ನಡೆಯಬೇಕಾದ್ದರಿಂದ, ಗಡಿ ಎಲ್ಲಿದೆ ಎಂಬುದು ಮೊದಲು ಗೊತ್ತಾಗಬೇಕು.

ಇದಕ್ಕೆ ಟೇಪು ಹಿಡಿದುಕೊಂಡು ಹೋಗಬೇಕಾಗಿಲ್ಲ. ನಿಮ್ಮ ಬೀದಿಯ ಎರಡು ವಿದ್ಯುತ್ ಕಂಬಗಳ ನಡುವೆ ಎಷ್ಟು ಹೆಜ್ಜೆ ಆಗುತ್ತದೆ ಎಂದು ಒಮ್ಮೆ ನಾಯಿಯಿಲ್ಲದೆ ನಡೆದು ಎಣಿಸಿಕೊಳ್ಳಿ. ಆಮೇಲೆ ಅರ್ಧ ಕಂಬ, ಒಂದು ಕಂಬ, ಎರಡು ಕಂಬ ಎಂದು ಬರೆಯಬಹುದು. ಹತ್ತಿರದ ದೂರಕ್ಕೆ ನಿಲ್ಲಿಸಿದ ಕಾರುಗಳನ್ನು ಲೆಕ್ಕ ಹಿಡಿಯಿರಿ, ಒಂದು ಕಾರಿನ ಉದ್ದ ಸುಮಾರು 4 ಮೀಟರ್. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಕಾರಿಡಾರಿನ ಬಾಗಿಲುಗಳು, ನೆಲದ ಟೈಲ್ಸುಗಳು ಇದೇ ಕೆಲಸಕ್ಕೆ ಬರುತ್ತವೆ. ಲಿಫ್ಟಿನ ಬಾಗಿಲು ತೆರೆದಾಗ ಎದುರಿಗೇ ಇನ್ನೊಂದು ನಾಯಿ ನಿಂತಿರುವಂಥ ಸಂದರ್ಭದಲ್ಲಿ ದೂರವೇ ಇರುವುದಿಲ್ಲ ಎಂಬುದನ್ನೂ ಪುಸ್ತಕ ಬೇಗನೆ ತೋರಿಸಿಕೊಡುತ್ತದೆ.

ಗಡಿ ಹುಡುಕುವ ಉತ್ಸಾಹದಲ್ಲಿ ನಾಯಿಯನ್ನು ಬೇಕೆಂದೇ ಹತ್ತಿರ ಕರೆದೊಯ್ದು ಪರೀಕ್ಷಿಸಬಾರದು. ದಿನನಿತ್ಯದ ಓಡಾಟದಲ್ಲಿ ತಾನಾಗಿ ಎದುರಾದದ್ದನ್ನಷ್ಟೇ ಬರೆಯಬೇಕು. ಬೊಗಳಿಸಿದಷ್ಟೂ ಬೊಗಳುವುದು ಅಭ್ಯಾಸವಾಗುತ್ತದೆ.

4. ಬೊಗಳುವುದಕ್ಕೆ ಮೊದಲಿನ ಸೂಚನೆ ನೋಡುವುದನ್ನು ಕಲಿಯಿರಿ

ಬೊಗಳಿಕೆ ನಾಯಿಯ ಮೊದಲ ಮಾತಲ್ಲ. ಅದಕ್ಕೂ ಮುಂಚೆ ಅದು ಹಸಿವಿಲ್ಲದೆ ಮೂಗು ನೆಕ್ಕಿಕೊಂಡಿರುತ್ತದೆ, ನಿದ್ದೆಯಿಲ್ಲದೆ ಆಕಳಿಸಿರುತ್ತದೆ, ತಲೆ ಅತ್ತ ತಿರುಗಿಸಿ ಕಣ್ಣನ್ನು ಮಾತ್ರ ಇತ್ತ ಇಟ್ಟು ಕಣ್ಣಿನ ಬಿಳಿ ತೋರಿಸಿರುತ್ತದೆ, ಇದ್ದಕ್ಕಿದ್ದಂತೆ ನೆಲ ಮೂಸತೊಡಗಿರುತ್ತದೆ, ಮುಂಗಾಲೊಂದನ್ನು ಎತ್ತಿ ನಿಂತಿರುತ್ತದೆ. ಏದುಸಿರಿನಲ್ಲಿ ತೆರೆದಿದ್ದ ಬಾಯಿ ಫಕ್ಕನೆ ಮುಚ್ಚಿಕೊಳ್ಳುವುದನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ. ಕೆಂಚಿಯಲ್ಲಿ ಅದು ತಪ್ಪಿದ್ದೇ ಇಲ್ಲ. ಬಾಲ ಆಡಿಸುತ್ತಿದೆ ಎಂದು ಮೋಸ ಹೋಗಬೇಡಿ. ಮೈಯನ್ನೆಲ್ಲ ಬಳುಕಿಸಿ ಸಡಿಲವಾಗಿ ಆಡಿಸುವ ಬಾಲ ಬೇರೆ, ಕಡ್ಡಿಯಂತೆ ಮೇಲೆ ನಿಂತು ತುದಿ ಮಾತ್ರ ಬಿರುಸಾಗಿ ಅದುರುವ ಬಾಲ ಬೇರೆ.

ತಿನಿಸು ಒಂದು ಒಳ್ಳೆಯ ಅಳತೆಗೋಲು. ಮನೆಯಲ್ಲಿ ಬೇಯಿಸಿದ ಕೋಳಿಗೆ ಪ್ರಾಣ ಬಿಡುವ ನಾಯಿ, ಬೀದಿಯಲ್ಲಿ ಅದೇ ತುಂಡನ್ನು ಮೂಗಿನ ಮುಂದೆ ಹಿಡಿದರೂ ನೋಡದೆ ಹೋದರೆ, ಅಥವಾ ಬೆರಳನ್ನೂ ಸೇರಿಸಿ ಕಚ್ಚುವಷ್ಟು ಒರಟಾಗಿ ಕಿತ್ತುಕೊಂಡರೆ, ಗಡಿ ದಾಟಿದೆ ಅಥವಾ ದಾಟುವುದರಲ್ಲಿದೆ ಎಂದು ಬರೆದುಕೊಳ್ಳಿ.

ಗುರುಗುಟ್ಟಿದ್ದಕ್ಕೆ ನಾಯಿಯನ್ನು ಗದರಿಸಬೇಡಿ, ಹೊಡೆಯಬೇಡಿ. ಗುರುಗುಟ್ಟುವುದು ಎಚ್ಚರಿಕೆ. ಆ ಎಚ್ಚರಿಕೆಗೆ ಏಟು ಬೀಳುತ್ತದೆ ಎಂದು ಕಲಿತ ನಾಯಿ, ಮುಂದಿನ ಸಲ ಎಚ್ಚರಿಸದೆಯೇ ಕಚ್ಚುವ ಅಪಾಯವಿದೆ. ನಿಮ್ಮ ಪುಸ್ತಕಕ್ಕೂ ಅತ್ಯಂತ ಬೇಕಾದ ಒಂದು ಸೂಚನೆ ಕೈತಪ್ಪಿಹೋಗುತ್ತದೆ.

5. ಸುಮ್ಮನೆ ಹೋದದ್ದನ್ನೂ ಬರೆಯಿರಿ

ಹೆಚ್ಚಿನವರು ಬಿಟ್ಟುಬಿಡುವುದು ಈ ಹೆಜ್ಜೆಯನ್ನೇ, ಆದರೆ ಗಂಟು ಬಿಚ್ಚಿಕೊಳ್ಳುವುದೂ ಇಲ್ಲೇ. ನಾಯಿ ಬೊಗಳಿದ ಇಪ್ಪತ್ತು ಘಟನೆಗಳನ್ನು ಬರೆದು ಅದರಲ್ಲಿ ಹದಿನೈದರಲ್ಲಿ ಸ್ಕೂಟರ್ ಇತ್ತು ಎಂದರೆ ಸ್ಕೂಟರೇ ಕಾರಣ ಎನಿಸುತ್ತದೆ. ಅದೇ ವಾರ ಸ್ಕೂಟರ್ ಪಕ್ಕದಲ್ಲೇ ಹಾದುಹೋದರೂ ನಾಯಿ ಸುಮ್ಮನಿದ್ದ ಇನ್ನೂರು ಸಂದರ್ಭಗಳು ಪುಸ್ತಕದಲ್ಲಿ ಇಲ್ಲದಿದ್ದರೆ, ಆ ಹದಿನೈದರಲ್ಲಿ ಇದ್ದು ಈ ಇನ್ನೂರರಲ್ಲಿ ಇಲ್ಲದ್ದು ಯಾವುದು ಎಂದು ಕೇಳುವುದಕ್ಕೇ ಆಗುವುದಿಲ್ಲ. ನಮ್ಮ ಮನೆಯಲ್ಲಿ ಆ ಪ್ರಶ್ನೆ ಕೇಳಿದವರು ಅಮ್ಮ. ಪಕ್ಕದ ಮನೆಯವರು ದಿನವೂ ತಮ್ಮ ಸ್ಕೂಟರನ್ನು ನಮ್ಮ ಗೇಟಿನ ಪಕ್ಕದಲ್ಲೇ ನಿಲ್ಲಿಸುತ್ತಿದ್ದರೂ ಕೆಂಚಿ ಅವರಿಗೆ ಒಂದು ದಿನವೂ ಬೊಗಳಿರಲಿಲ್ಲ. ಅವರು ನಡುವಿನ ದೊಡ್ಡ ಸ್ಟ್ಯಾಂಡನ್ನು ಮಣ್ಣಿನ ನೆಲದ ಮೇಲೆ ಹಾಕುತ್ತಿದ್ದರು. ಹಾಕಿದ್ದು ಯಾರಿಗೂ ಕೇಳಿಸುತ್ತಲೇ ಇರಲಿಲ್ಲ.

ಎಲ್ಲ ಸುಮ್ಮನಿದ್ದ ಘಳಿಗೆಗಳನ್ನು ಬರೆಯಲು ಸಾಧ್ಯವಿಲ್ಲ, ಬರೆಯಬೇಕಾಗಿಯೂ ಇಲ್ಲ. ಯಾವುದರ ಮೇಲೆ ಅನುಮಾನವಿದೆಯೋ ಅದು ಎದುರಾಗಿಯೂ ನಾಯಿ 0 ಅಥವಾ 1ರಲ್ಲಿ ಉಳಿದ ಸಂದರ್ಭಗಳನ್ನು ಒಂದೊಂದು ಸಾಲಿನಲ್ಲಿ ಬರೆದರೆ ಸಾಕು.

‘ಕಾರಣ ಗೊತ್ತಾಗಲಿಲ್ಲ’ ಎಂಬುದೂ ಒಂದು ಒಳ್ಳೆಯ ಬರಹವೇ. ಮನುಷ್ಯರ ಕಿವಿಗೆ ಕೇಳುವುದು ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು. ನಾಯಿಯ ಕಿವಿಗೆ ಸುಮಾರು 45,000 ಹರ್ಟ್ಸ್‌ವರೆಗಿನದು ಕೇಳುತ್ತದೆ. ವಾಸನೆಯಲ್ಲಂತೂ ನಮಗೂ ಅದಕ್ಕೂ ಹೋಲಿಕೆಯೇ ಇಲ್ಲ. ಕಂಡದ್ದನ್ನಷ್ಟೇ ನಂಬಿ ಇಲ್ಲದ ಕಾರಣವನ್ನು ಊಹಿಸಿ ಬರೆಯುವುದಕ್ಕಿಂತ ಜಾಗ ಮತ್ತು ಹೊತ್ತನ್ನು ಗುರುತಿಸಿ ಖಾಲಿ ಬಿಡುವುದು ಲೇಸು. ಅದೇ ಮೂಲೆಯಲ್ಲಿ ನಾಲ್ಕು ಸಲ ‘ಗೊತ್ತಾಗಲಿಲ್ಲ’ ಎಂದು ಬಂದರೆ, ಆ ಕಾಂಪೌಂಡಿನ ಹಿಂದೆ ಒಂದು ನಾಯಿ ಕಟ್ಟಿಹಾಕಿರುವುದು ಐದನೆಯ ಸಲ ತಿಳಿದೀತು.

6. ಆ ದಿನದ, ಹಿಂದಿನ ದಿನದ ಭಾರವನ್ನೂ ಬರೆಯಿರಿ

ನಿನ್ನೆ ಇದೇ ಜಾಗದಲ್ಲಿ, ಇದೇ ದೂರದಲ್ಲಿ, ಇದೇ ಹಸುವನ್ನು ನೋಡಿ ಸುಮ್ಮನಿದ್ದ ನಾಯಿ ಇವತ್ತು ಮೇಲೆ ಬೀಳಲು ಹೋಯಿತು ಎಂದು ಜನ ಬೇಸರಪಟ್ಟುಕೊಳ್ಳುತ್ತಾರೆ. ಇವತ್ತು ಹಸು ಎದುರಾಗುವುದಕ್ಕೆ ಮೊದಲು ಏನೇನಾಗಿತ್ತು ಎಂಬುದನ್ನು ನೋಡಬೇಕು. ಒಂದು ಹೆದರಿಕೆಯಾದಾಗ ನಾಯಿಯ ಮೈಯಲ್ಲಿ ಏರಿದ ಒತ್ತಡದ ಹಾರ್ಮೋನುಗಳು ಬೊಗಳಿಕೆ ನಿಂತ ಕೂಡಲೇ ಇಳಿದುಹೋಗುವುದಿಲ್ಲ, ಅದಕ್ಕೆ ಹೊತ್ತು ಬೇಕು. ಅಷ್ಟರಲ್ಲಿ ಎರಡನೆಯದು, ಮೂರನೆಯದು ಬಂದು ಸೇರಿದರೆ ಕೊನೆಗೆ ಸಣ್ಣದೊಂದು ಸಂಗತಿಗೂ ತಾಳ್ಮೆಯ ಕಟ್ಟೆ ಒಡೆಯುತ್ತದೆ. ಆದ್ದರಿಂದ ಪ್ರತಿ ದಿನದ ಪುಟದ ತಲೆಯಲ್ಲಿ ಎರಡು ಸಾಲು ಜಾಗ ಬಿಟ್ಟು, ರಾತ್ರಿ ನಿದ್ದೆ ಹೇಗಿತ್ತು, ಊಟ ಮಾಡಿತೇ, ಭೇದಿಯಾಯಿತೇ, ಮನೆಗೆ ನೆಂಟರು ಬಂದಿದ್ದರೇ, ಸ್ನಾನ ಮಾಡಿಸಿದಿರೇ, ಪಶುವೈದ್ಯರ ಬಳಿ ಹೋಗಿದ್ದಿರೇ, ಬೀದಿಯಲ್ಲಿ ತಮಟೆಯೋ ಪಟಾಕಿಯೋ ಇತ್ತೇ ಎಂಬುದನ್ನು ಬರೆಯಬೇಕು.

ಕೆಂಚಿಯ ಪುಸ್ತಕದಲ್ಲಿ ಬುಧವಾರ ಮತ್ತು ಶನಿವಾರದ ಸಂಜೆಗಳು ಬೇರೆ ದಿನಗಳಿಗಿಂತ ಕೆಟ್ಟದಾಗಿದ್ದವು. ಸಂಜೆಯ ಘಟನೆಗಳನ್ನು ಎಷ್ಟು ಸಲ ಓದಿದರೂ ಕಾರಣ ಕಾಣಲಿಲ್ಲ, ಏಕೆಂದರೆ ಕಾರಣ ಬೆಳಗಿನಲ್ಲಿತ್ತು. ನಮ್ಮ ಬೀದಿಯಲ್ಲಿ ಒಣಕಸದ ಗಾಡಿ ಬರುವುದು ಆ ಎರಡು ದಿನ. ಬಾಟಲಿ, ಡಬ್ಬ, ತಗಡುಗಳನ್ನು ಗಾಡಿಗೆ ಎಸೆಯುವ ಕಾಲು ಗಂಟೆ ಅವಳು ಮಂಚದ ಕೆಳಗೆ ನಡುಗುತ್ತ ಕೂತಿರುತ್ತಿದ್ದಳು. ಆಮೇಲೆ ಹೊರಗೆ ಬಂದು ಎಂದಿನಂತೆ ಓಡಾಡುತ್ತಿದ್ದುದರಿಂದ ಅದು ಮುಗಿದ ಕತೆ ಎಂದುಕೊಂಡಿದ್ದೆವು. ಈಗ ಆ ಎರಡು ಸಂಜೆ ವಾಕಿಂಗ್ ಇಲ್ಲ. ತಾರಸಿಯ ಮೇಲೆ ಟವೆಲ್ಲಿನ ಮಡಿಕೆಗಳಲ್ಲಿ ತಿನಿಸು ಅಡಗಿಸಿಟ್ಟು ಹುಡುಕಿಸುತ್ತೇವೆ.

7. ಹಗ್ಗ ಹಿಡಿದವರನ್ನೂ ಇನ್ನೊಬ್ಬರು ನೋಡಲಿ

ವಾರಕ್ಕೆ ಎರಡು ಸಲವಾದರೂ ಮನೆಯ ಇನ್ನೊಬ್ಬರು ಹತ್ತು ಹೆಜ್ಜೆ ಹಿಂದಿನಿಂದ ಬರುತ್ತ, ನಾಯಿಯನ್ನಲ್ಲ, ಹಗ್ಗ ಹಿಡಿದ ಕೈಯನ್ನು ಗಮನಿಸಬೇಕು. ಎದುರಿನಿಂದ ನಾಯಿ ಬರುವುದು ಕಂಡ ಕೂಡಲೇ ನಾವು ಗೊತ್ತಿಲ್ಲದೆ ಹಗ್ಗವನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಳ್ಳುತ್ತೇವೆ, ಉಸಿರು ಹಿಡಿಯುತ್ತೇವೆ, ‘ಏನಿಲ್ಲ, ಏನಿಲ್ಲ’ ಎಂದು ದನಿ ಏರಿಸುತ್ತೇವೆ. ಕುತ್ತಿಗೆಯ ಬಿಗಿತವೇ ನಾಯಿಗೆ ಸುದ್ದಿ ಮುಟ್ಟಿಸುತ್ತದೆ. ‘ಕೆಂಚಿ ಆ ನಾಯೀನ ನೋಡೋಕ್ ಮುಂಚೆ ನೀನ್ ನೋಡ್ದೆ, ನೀನ್ ನಿಂತೆ, ಆಮೇಲೆ ಅವಳು ನಿಂತ್ಲು’ ಎಂದು ಅಮ್ಮ ಹೇಳಿದಾಗ ನನಗೆ ನಂಬಲಾಗಲಿಲ್ಲ. ಫೋನಿನಲ್ಲಿ ತೆಗೆದ ವಿಡಿಯೊ ನೋಡಿದ ಮೇಲೆ ಒಪ್ಪಿಕೊಂಡೆ. ಕುತ್ತಿಗೆಪಟ್ಟಿಯ ಬದಲು ಎದೆಯನ್ನು ಬಳಸುವ ಹಾರ್ನೆಸ್, ಸುಮಾರು 2 ಮೀಟರ್ ಉದ್ದದ ಸಾಮಾನ್ಯ ಹಗ್ಗ ಇದ್ದರೆ ಈ ಬಿಗಿತ ಕಡಿಮೆಯಾಗುತ್ತದೆ.

8. ಮೂರು ವಾರವಾದ ಮೇಲೆ ಓದುವುದು

ಮೊದಲ ವಾರದಲ್ಲೇ ತೀರ್ಮಾನಕ್ಕೆ ಬರಬೇಡಿ. ಮೂರು ವಾರವಾದ ಮೇಲೆ ಒಂದು ಭಾನುವಾರ ಎಲ್ಲರೂ ಕೂತು, ಬಣ್ಣದ ಪೆನ್ನುಗಳಿಂದ ಒಂದೊಂದು ಬಗೆಯ ಸಂಗತಿಗೆ ಒಂದೊಂದು ಗುರುತು ಹಾಕುತ್ತ ಓದಿ. ‘ಬೇರೆ ನಾಯಿಗಳು’ ಎಂಬಂಥ ದೊಡ್ಡ ಹೆಸರಿಗೆ ತೃಪ್ತರಾಗಬಾರದು. ಕಟ್ಟಿದ ನಾಯಿಯೇ, ಬಿಟ್ಟ ನಾಯಿಯೇ. ಎದುರು ಬರುತ್ತಿತ್ತೇ, ಅಡ್ಡ ಹೋಗುತ್ತಿತ್ತೇ, ನಿಂತು ದಿಟ್ಟಿಸುತ್ತಿತ್ತೇ. ಗೇಟಿನ ಹಿಂದೆ ಇತ್ತೇ. ನಮ್ಮ ಬೀದಿಯದೇ, ಪರಬೀದಿಯದೇ ಎಂದು ಒಡೆಯುತ್ತ ಹೋಗಬೇಕು. ‘ಗಂಡಸರು’ ಎಂದು ಬರೆದದ್ದು ಒಡೆದು ನೋಡಿದರೆ ಹೆಲ್ಮೆಟ್ ಹಾಕಿದವರು, ಕೈಯಲ್ಲಿ ಕೋಲು ಹಿಡಿದ ಕಾವಲುಗಾರರು, ಬೆನ್ನಿಗೆ ದೊಡ್ಡ ಚೌಕದ ಚೀಲ ಹೊತ್ತವರು ಎಂದಾಗಬಹುದು. ಮಳೆಗಾಲದಲ್ಲಿ ಅದು ಕೊಡೆ ಬಿಚ್ಚುವ ಕ್ಷಣವೂ ಆಗಬಹುದು. ಮುಧೋಳದಂಥ ಬೇಟೆನಾಯಿಯಾದರೆ ಓಟವೇ ಕೆರಳಿಸುವ ಸಂಗತಿಯಾಗಿರಬಹುದು, ಏಕೆಂದರೆ ಕಣ್ಣಿಂದ ಕಂಡು ಅಟ್ಟಿಸಿಕೊಂಡು ಹೋಗುವುದಕ್ಕಾಗಿಯೇ ಬೆಳೆಸಿದ ತಳಿ ಅದು. ಅದಕ್ಕೆ ಸೈಕಲ್ಲು, ಓಡುವ ಮಗು, ಅಳಿಲು ಎಲ್ಲವೂ ಒಂದೇ.

ಬೊಗಳಿದ ಮೇಲೆ ಏನಾಯಿತು ಎಂಬ ಅಂಕಣವನ್ನು ಪ್ರತ್ಯೇಕವಾಗಿ ಓದಿ. ಕೊರಿಯರ್‌ನವರು ಡಬ್ಬಿ ಇಟ್ಟು ಹೋಗುವವರೇ. ಆದರೆ ನಾಯಿಯ ಲೆಕ್ಕದಲ್ಲಿ ತಾನು ಬೊಗಳಿದ್ದರಿಂದಲೇ ಅವರು ಹೋದದ್ದು. ದಿನಕ್ಕೆ ಮೂರು ಸಲ ಹೀಗೆ ಗೆಲ್ಲುವ ನಾಯಿ ಬೊಗಳುವುದನ್ನು ತಾನಾಗಿ ಬಿಡುವುದಿಲ್ಲ.

ಬೀದಿಯ ನಕ್ಷೆಯೊಂದನ್ನು ಬರೆದು ಘಟನೆಗಳಿಗೆ ಚುಕ್ಕಿ ಇಡುವುದೂ ಉಪಯುಕ್ತ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಲಸಿಕೆ ಹಾಕಿದ ಬೀದಿನಾಯಿಗಳನ್ನು ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ತಂದು ಬಿಡಲಾಗುತ್ತದೆ; ಕಿವಿಯ ತುದಿ ಕತ್ತರಿಸಿರುವುದು ಅದರ ಗುರುತು. ಅಂದರೆ ಆ ಮೂಲೆಯ ಆ ಗುಂಪು ನಾಳೆಯೂ ಅಲ್ಲೇ ಇರುವ ನೆರೆಹೊರೆ. ಅವು ಮಲಗುವ, ಅವಕ್ಕೆ ಅನ್ನ ಹಾಕುವ ಹೊತ್ತು ಮತ್ತು ಜಾಗ ತಿಳಿದುಕೊಂಡರೆ ನಿಮ್ಮ ದಾರಿಯನ್ನೂ ಹೊತ್ತನ್ನೂ ಬದಲಿಸಿಕೊಳ್ಳಬಹುದು.

9. ತಿಳಿದ ಮೇಲೆ ಮಾಡುವುದು

ಮೊದಲು, ತಪ್ಪಿಸಬಹುದಾದದ್ದನ್ನು ತಪ್ಪಿಸಿ. ಗೇಟಿನ ಕೆಳಭಾಗಕ್ಕೆ ಹೊರಗೆ ಕಾಣದಂತೆ ತಗಡು ಅಥವಾ ಹಾಳೆ ಹೊಡೆಯುವುದು, ಕಿಟಕಿಗೆ ಮಂಜುಗಾಜಿನ ಸ್ಟಿಕರ್ ಅಂಟಿಸುವುದು, ಕೊರಿಯರ್ ಡಬ್ಬಿಯನ್ನು ಹೊರಗೇ ಇಡುವಂತೆ ಹೇಳುವುದು ಇವೆಲ್ಲ ಸೋಲಲ್ಲ. ನಾವು ಚರಂಡಿಯ ಚಪ್ಪಡಿಯ ಮೇಲೆ ಹಳೆಯ ರಬ್ಬರ್ ಮ್ಯಾಟೊಂದನ್ನು ಹಾಸಿದೆವು. ಗೇಟಿನ ಬೊಗಳಿಕೆ ಆ ವಾರವೇ ಅರ್ಧಕ್ಕಿಂತ ಕಡಿಮೆಯಾಯಿತು.

ತಪ್ಪಿಸಲಾಗದ್ದಕ್ಕೆ ತರಬೇತಿ ಬೇಕು. ಪುಸ್ತಕದಲ್ಲಿ ಸಿಕ್ಕ ಗಡಿಗಿಂತ ಸಾಕಷ್ಟು ಹೊರಗೆ ನಿಂತು, ಸಂಗತಿ ಕಂಡ ಕೂಡಲೇ ಬೇಯಿಸಿದ ಕೋಳಿ, ಮೊಟ್ಟೆ ಅಥವಾ ಪನೀರಿನ ಚಿಕ್ಕ ತುಂಡುಗಳನ್ನು ಒಂದಾದ ಮೇಲೊಂದು ಕೊಡಿ. ಸಂಗತಿ ಮರೆಯಾದ ಕೂಡಲೇ ಕೊಡುವುದನ್ನು ನಿಲ್ಲಿಸಿ. ಮೊದಲು ಸಂಗತಿ, ಆಮೇಲೆ ತಿನಿಸು. ಈ ಕ್ರಮ ಅದಲುಬದಲಾಗಬಾರದು. ಒಂದು ಶತಮಾನಕ್ಕೂ ಹಿಂದೆ ರಷ್ಯಾದ ಪಾವ್ಲೋವ್ ನಾಯಿಗಳಲ್ಲಿ ತೋರಿಸಿಕೊಟ್ಟ ಜೋಡಣೆಯೇ ಇದಕ್ಕೂ ಆಧಾರ. ನಾಯಿ ಆ ಸಂಗತಿಯನ್ನು ಕಂಡು, ಸಡಿಲವಾದ ಮೈಯಲ್ಲಿ ನಿಮ್ಮ ಮುಖ ನೋಡತೊಡಗಿದ ಮೇಲೆ ಮಾತ್ರ ದೂರವನ್ನು ಒಂದೆರಡು ಹೆಜ್ಜೆ ಕಡಿಮೆ ಮಾಡಿ. ದಿನಕ್ಕೆ ಐದು ನಿಮಿಷ ಸಾಕು. ಒಂದು ದಿನ 4 ಬಂದರೆ ಮುಂದಿನ ಎರಡು ಮೂರು ದಿನ ತರಬೇತಿಯನ್ನೇ ಬಿಟ್ಟು ವಿಶ್ರಾಂತಿ ಕೊಡಿ. ಶಾಕ್ ಕೊಡುವ ಪಟ್ಟಿ, ಮುಳ್ಳಿನ ಪಟ್ಟಿಗಳನ್ನು ದಯವಿಟ್ಟು ಕೊಳ್ಳಬೇಡಿ. ಹೆದರಿದ ನಾಯಿಗೆ ನೋವನ್ನೂ ಸೇರಿಸಿದರೆ ಆ ನೋವು ಎದುರಿಗಿದ್ದವರಿಂದಲೇ ಬಂತೆಂದು ಅದು ಕಲಿಯುತ್ತದೆ.

5 ಎಂಬ ಅಂಕಿ ಒಮ್ಮೆ ಬಂದಿದ್ದರೂ ಬಾಯಿಕುಕ್ಕೆಯನ್ನು ಮನೆಯಲ್ಲಿ ತಿನಿಸು ಕೊಡುತ್ತ ನಿಧಾನವಾಗಿ ರೂಢಿ ಮಾಡಿಸಿ. ಅದರೊಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಜಾಗವಿರಬೇಕು. ಜೊತೆಗೆ ಪುಸ್ತಕವನ್ನು ಪಶುವೈದ್ಯರ ಮುಂದೆ ಇಡಿ. ಆತಂಕ ತಗ್ಗಿಸುವ ಔಷಧಿ ಬೇಕೇ ಎಂಬುದನ್ನು ಅವರು ನಿರ್ಧರಿಸಲಿ. ಮನುಷ್ಯರ ನಿದ್ದೆಮಾತ್ರೆ, ನೋವಿನ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ಕೊಡುವುದು ಪ್ರಾಣಕ್ಕೇ ಅಪಾಯ.

10. ಹಬ್ಬದ ತಿಂಗಳುಗಳಲ್ಲಿ ಪುಸ್ತಕವನ್ನು ಮತ್ತೆ ತೆರೆಯಿರಿ

ಮೈಸೂರಿನಲ್ಲಿರುವವರು ದಸರಾ ಆನೆಗಳ ತಾಲೀಮನ್ನು ನೋಡಿರುತ್ತೀರಿ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರುವಾಗ ಆನೆ, ಕುದುರೆಗಳು ಬೆದರಬಾರದೆಂದು ವಾರಗಳ ಮೊದಲಿನಿಂದಲೇ ತೋಪು ಹಾರಿಸಿ ಅಭ್ಯಾಸ ಮಾಡಿಸುತ್ತಾರೆ. ಮೆರವಣಿಗೆಯ ದಾರಿಯಲ್ಲಿ ದಿನವೂ ನಡೆಸುತ್ತಾರೆ. ಅಷ್ಟು ದೊಡ್ಡ ಪ್ರಾಣಿಗೂ ಮೊದಲೇ ಪರಿಚಯ ಬೇಕಾಗುತ್ತದೆ ಎಂದಮೇಲೆ, ಗಣೇಶನ ಮೆರವಣಿಗೆಯಿಂದ ದೀಪಾವಳಿಯವರೆಗಿನ ಸದ್ದು ನಮ್ಮ ನಾಯಿಗಳ ಮೇಲೆ ಒಮ್ಮೆಲೇ ಬಂದು ಬೀಳಬಾರದು. ಹಬ್ಬಕ್ಕೆ ಎರಡು ತಿಂಗಳು ಮೊದಲೇ ಫೋನಿನಲ್ಲಿ ಪಟಾಕಿಯ ಸದ್ದನ್ನು, ನಾಯಿ ಕಿವಿಯನ್ನೂ ಆಡಿಸದಷ್ಟು ಸಣ್ಣದಾಗಿ ಹಾಕಿ, ಊಟದ ಹೊತ್ತಿಗೆ ಕೇಳಿಸುತ್ತ, ದಿನ ಬಿಟ್ಟು ದಿನ ಒಂದು ಗುಂಡಿಯಷ್ಟೇ ಏರಿಸಿ. ಎಷ್ಟಕ್ಕೆ ತಿನ್ನುವುದನ್ನು ನಿಲ್ಲಿಸಿತು ಎಂಬುದನ್ನು ಬರೆದುಕೊಂಡು, ಮರುದಿನ ಅದಕ್ಕಿಂತ ಎರಡು ಗುಂಡಿ ಕೆಳಗಿನಿಂದ ಶುರು ಮಾಡಿ.

ಮನೆ ಬದಲಿಸಿದಾಗ, ಮನೆಗೆ ಮಗು ಬಂದಾಗ, ನಾಯಿಗೆ ಏಳೆಂಟು ವರ್ಷ ದಾಟಿದಾಗಲೂ ಮತ್ತೆ ಮೂರು ವಾರ ಬರೆಯಿರಿ. ಹಳೆಯ ಪುಟಗಳನ್ನು ಹರಿಯಬೇಡಿ. ಹೊಸ ಬರಹದ ದೂರವನ್ನು ಹಳೆಯ ಬರಹದ ದೂರದ ಪಕ್ಕದಲ್ಲಿಟ್ಟು ನೋಡಿದಾಗಲೇ ನಾಯಿ ಎಷ್ಟು ಮುಂದೆ ಬಂದಿದೆ ಎಂಬುದು ಕಾಣುತ್ತದೆ. ಹಾಲಿನ ಬೂತಿನ ಕರಿ ನಾಯಿಯ ಎದುರು ಕೆಂಚಿಯ ಗಡಿ ಮೊದಲು ಒಂದೂವರೆ ಕಂಬ ಇತ್ತು. ಅಮ್ಮ ಕಳೆದ ವಾರ ಬರೆದದ್ದು ‘ಎರಡು ಕಾರು, ಬಾಯಿ ತೆರೆದೇ ಇತ್ತು, 0’ ಎಂದು.